ಬೆಲೆ ಕೇಳಿದವರು

ಕಳೆದ ಏಳು ದಿನಗಳಲ್ಲಿ ಎಷ್ಟು ಮೊಟ್ಟೆ?
ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ಸೋಪು?
ಕಳೆದ ಒಂದು ವರ್ಷದಲ್ಲಿ ಹಾಸಿಗೆ, ಚಪ್ಪಲಿ, ಛತ್ರಿ, ಚಿನ್ನ?
ಸಿದ್ದಾಪುರದಾಚೆ ಲೈನ್‌ಮನೆಗಳ ಜಗಲಿಯಲ್ಲಿ ಕೂತು
ದಿನಕ್ಕೆ ಆರು ಮನೆ, ಇದನ್ನೇ ಕೇಳುತ್ತೇನೆ.
ಕಾಫಿ ಹೂವಿನ ವಾಸನೆಗೆ ತಲೆ ಭಾರ.

ಎರವರ ಚುಬ್ರ ನಗುತ್ತಾನೆ:
"ಮೊಟ್ಟೆ ಲೆಕ್ಕ ಕೋಳಿಯದ್ದಕ್ಕ, ನಮ್ಮದಲ್ಲ."
ಅಸ್ಸಾಮಿನಿಂದ ಬಂದ ಜಹೂರುಲ್‌ನ ಹೆಂಡತಿ
ಬೆರಳಲ್ಲಿ ತೋರಿಸುತ್ತಾಳೆ: ಮೂರು.
ಮೂರು ಕೆಜಿಯೋ, ಮೂರು ಜನವೋ, ಮೂರು ತಿಂಗಳ ಬಾಕಿಯೋ,
ಒಂದು ಕಲಮಿಗೆ ಹಾಕಿ ಮುಂದೆ ಹೋಗುತ್ತೇನೆ.

ತರಬೇತಿಯಲ್ಲಿ ಹೇಳಿದ್ದರು, ಮಡಿಕೇರಿಯ ಹಾಲಿನಲ್ಲಿ,
ಪ್ರೊಜೆಕ್ಟರು ಮೂರು ಸಲ ಕೆಟ್ಟು ಸರಿಯಾದ ಮೇಲೆ:
ಮುಂದಿನ ತ್ರೈಮಾಸಿಕದ ದೇಶ ಕಾಣುವುದು ಕೊಳ್ಳುವ ಕೈಯಲ್ಲಿ.
ಜನ ಕೊಂಡರೆ ಅಂಗಡಿ ತರಿಸುತ್ತದೆ,
ಅಂಗಡಿ ತರಿಸಿದರೆ ಲಾರಿ ಓಡುತ್ತದೆ,
ಲಾರಿ ಓಡಿದರೆ...
ಅಲ್ಲಿಗೆ ಕರೆಂಟು ಹೋಯಿತು.

ಬಟವಾಡೆಯ ಸಂಜೆ, ಆಲಿಕುಟ್ಟಿ ಕಾಕನ ಅಂಗಡಿ.
ಚಾ ಕುಡಿಯುತ್ತ ಕೇಳಿದೆ, ಈ ವರ್ಷ ಹೇಗೆ?
ವ್ಯಾಪಾರದ ಪುಸ್ತಕ ಅವರು ತೆಗೆಯಲಿಲ್ಲ.
"ಮಾರಿದ್ದು ಹೋದ ತಿಂಗಳ ಸುದ್ದಿ, ಮೇಡಂ.
ಕಳೆದ ಕಕ್ಕಡದಲ್ಲಿ ಟಾರ್ಪಾಲು, ಮೇಣದಬತ್ತಿ, ಹಗ್ಗ, ಎಲ್ಲ ಖಾಲಿ.
ಅಂಥ ವ್ಯಾಪಾರ ಮತ್ತೆ ಆಗಿಲ್ಲ.
ಹೊಳೆ ದಡದ ಮನೆಗಳೊಳಗೆ ನೀರು ಬಂದ ವಾರ ಅದು.
ನಿಮ್ಮ ಮಿಷನ್ನು ಬೆಳವಣಿಗೆ ಅಂದಿರಬೇಕು."
ಅಂದಿತ್ತು.
ಒತ್ತಿದವಳು ನಾನೇ.

ಬೀಡಿ ಕಟ್ಟುಗಳ ಅಡಿಯಿಂದ ಇನ್ನೊಂದು ನೋಟ್‌ಬುಕ್ಕು,
ಹಿಂಬದಿ ರಟ್ಟಿನಲ್ಲಿ ಮಗ್ಗಿ, ಮೇಲೆ ಎಣ್ಣೆ ಹೆಬ್ಬೆಟ್ಟಿನ ಗುರುತು.
ಒಳಗೆ, ಕೈಗೆತ್ತಿಕೊಂಡು ಬೆಲೆ ಕೇಳಿ
ಇದ್ದಲ್ಲೇ ಇಟ್ಟು ಹೋದ ಸಾಮಾನು.

ಕುಕ್ಕರು, ಮೂರು ಲೀಟರಿನದು. ಚುಬ್ರನ ತಂಗಿ. ಎರಡು ಸಲ.
ಮಿನುಗುವ ಫ್ರಾಕು, ನಾಲ್ಕು ವರ್ಷದ ಅಳತೆ. ಮೇಸ್ತ್ರಿ ಸೆಲ್ವಂ.
(ಮಗು ಇರುವುದು ತಮ್ಮನಿಗೆ.)
ಇಡೀ ಬಾರ್ ಸೋಪು. ಜಹೂರುಲ್. ಒಯ್ದದ್ದು ಅರ್ಧ, ನೂಲಲ್ಲಿ ಕೊಯ್ದು.
ಪ್ಲಾಸ್ಟಿಕ್ ಕುರ್ಚಿ. ಕೂತು ನೋಡಿದರು, ಎದ್ದರು. ಹೆಸರು ಕೇಳಲಿಲ್ಲ.

"ಇದು ನೂರು ದಾಟಿದ ತಿಂಗಳು ನಾನು ಮೈಸೂರಿಗೆ ಹೋಗ್ತೇನೆ.
ಹತ್ತು ಕುಕ್ಕರು ತಂದಿಟ್ಟರೆ
ಕೊಯ್ಲಿನ ಬಟವಾಡೆಗೆ ಹತ್ತೂ ಹೋಗ್ತದೆ.
ಆಸೆ ಜೀಪಿನಲ್ಲಿ ಬರ್ತದೆ, ದುಡ್ಡು ನಡ್ಕೊಂಡು ಬರ್ತದೆ.
ಕೆಲವು ಸಲ ದಾರಿಯೂ ತಪ್ತದೆ."

ಹಾಗಾದರೆ ಹೆದರಬೇಕಾದ್ದು ಯಾವಾಗ?
ಹಾಳೆ ಹಿಂದಕ್ಕೆ ಮಗುಚಿದರು. ಮೂರು ತಿಂಗಳು, ಬರೀ ಗೆರೆ.
ಮೆಣಸಿನ ದರ ಬಿದ್ದ ವರ್ಷ,
ವಾರಕ್ಕೆ ಎರಡೇ ದಿನ ಕೆಲಸ.
"ಅಕ್ಕಿ ಕೊಂಡರು, ಉಪ್ಪು ಕೊಂಡರು, ಒಣಮೀನೂ ಕೊಂಡರು.
ಗಲ್ಲಾ ಅಷ್ಟೇನೂ ಇಳಿಯಲಿಲ್ಲ.
ಆದರೆ ಆ ಕಪಾಟಿನ ಕಡೆ
ಮಕ್ಕಳು ಸಹಾ ತಿರುಗಲಿಲ್ಲ."

ನನ್ನ ಟ್ಯಾಬಿನಲ್ಲಿ ನಾನೂರು ಚಿಲ್ಲರೆ ಬಾಬತ್ತು,
ವೀಳ್ಯದೆಲೆಗೊಂದು ಸಂಖ್ಯೆ, ಕ್ಷೌರಕ್ಕೊಂದು.
ತಿರುಗದ ಕತ್ತಿಗೆ ಹುಡುಕಿದೆ.
'ಇತರೆ'ಯಲ್ಲೂ ಜಾಗವಿರಲಿಲ್ಲ.

ಹೊರಗೆ ಮೋಡ.
ಹೂವಿನ ಮೇಲೆ ಬೀಳಬೇಕಾದ ಎರಡನೇ ಮಳೆಗೆ
ತೋಟದವರು ನಾಲ್ಕು ದಿನದಿಂದ ಮುಖ ಮೇಲೆ ಮಾಡಿದ್ದಾರೆ.
ನನಗೆ ಪಾಲಿಬೆಟ್ಟದವರೆಗೂ ಸ್ಕೂಟರು.
ಇಲಾಖೆಯಿಂದ ಮೂರು ತಿಂಗಳ ದುಡ್ಡು ಬರಬೇಕು.

ಮೊಳೆಗೆ ನೇತುಹಾಕಿದ್ದ ನೀಲಿ ರೈನ್‌ಕೋಟು.
ತೋಳು ಹಿಡಿದು ನೋಡಿದೆ, ಒಳಹೊಲಿಗೆ ನೋಡಿದೆ.
"ಎಷ್ಟು, ಕಾಕ?"
"ಆರುನೂರ ಐವತ್ತು."
ಮಡಿಕೆ ಸರಿಮಾಡಿ,
ಅದಕ್ಕೇ ಮುಟ್ಟಿದ್ದೆನೆಂಬಂತೆ, ಕೈಬಿಟ್ಟೆ.

ಕಾಕ ಕಿವಿಯ ಮೇಲಿನ ಪೆನ್ನು ತೆಗೆದರು.
ನನ್ನೆದುರೇ, ಒಂದಿಷ್ಟೂ ಮುಚ್ಚುಮರೆಯಿಲ್ಲದೆ,
ಹೆಸರು ಕೇಳಿದರು.
"ಬೊಳ್ಳಮ್ಮ."
ಬರೆದು, ತಲೆಯೆತ್ತದೆ,
"ನೀಲಿಯೇ ಆಗಬೇಕಾ?" ಎಂದರು.
"ನೀಲಿಯೇ," ಅಂದೆ.