ತಳಿ

ಗ್ದೀನ್ಯಾ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತಳಾದ ಯಾದ್ವಿಗಾ
ಕರೆಂಟು ಬಿಲ್ಲಿನ ಬೆನ್ನ ಮೇಲೆ ಬೆಕ್ಕುಗಳ ಬರೆದಳು.

ಪರ್ಷಿಯನ್: ದಿನಾ ಬಾಚಬೇಕು,
ನನ್ನ ಬೆರಳೇ ನನ್ನ ಮಾತು ಕೇಳುವುದಿಲ್ಲ.
ಸಯಾಮಿ: ಬಾಯಿಬಡುಕಿ.
ಗೋಡೆಯಾಚೆ ವೊಯ್ಚೆಖ್ ಕೆಮ್ಮಿದರೂ ಇಲ್ಲಿ ಕೇಳುತ್ತದೆ.
ರಷ್ಯದ ನೀಲಿ: ಸಂಕೋಚದ್ದು. ಇದಕ್ಕೊಂದು ಗೆರೆ.
ಗೆರೆಯ ಕೆಳಗೆ ಆಯಸ್ಸು:
ಹದಿನೈದು, ಇಪ್ಪತ್ತು.

ಪೆನ್ನು ಅಲ್ಲೇ ನಿಂತಿತು.
ಎಪ್ಪತ್ತಮೂರಕ್ಕೆ ಇಪ್ಪತ್ತು ಕೂಡಿಸಲು
ಕಾಗದ ಬೇಕಿರಲಿಲ್ಲ.

ಮರುದಿನ ಆಶ್ರಯಧಾಮದ ಹುಡುಗಿ ಕೇಳಿದಳು,
"ಯಾವ ತಳಿ ಬೇಕಿತ್ತು?"

"ಹನ್ನೊಂದು ವರ್ಷದ್ದು.
ಹಲ್ಲಿಲ್ಲದಿದ್ದರೂ ಸರಿ,
ಮೀನು ನನಗೂ ಹಿಚುಕಿಕೊಂಡೇ ಆಗಬೇಕು."

ಬುಟ್ಟಿ ನಾಲ್ಕೇ ಕಿಲೋ.
ಮೂವತ್ತು ಟನ್ನು ಇಳಿಸುತ್ತಿದ್ದ ಕೈ
ಟ್ರಾಲಿಬಸ್ಸಿನ ಸೀಟಿಗೆ ಅದನ್ನಿಳಿಸುವಷ್ಟರಲ್ಲಿ
ಒಂದು ನಿಲ್ದಾಣ ದಾಟಿತ್ತು.