ಚಿಲ್ಲರೆ ಹದಿಮೂರು

ತೊಕ್ಕೊಟ್ಟಿನ ಬೀಡಿ ಬ್ರಾಂಚಿನಲ್ಲಿ ನಾನು ಗುಮಾಸ್ತ.
ಡಿಗ್ರಿಯ ಗಣಿತವನ್ನು ಎರಡು ಸಲ ಬರೆದು, ಎರಡು ಸಲ ಬಿಟ್ಟವ.
ಅಪ್ಪಿಯಕ್ಕನ ಪಿಎಫ್ ಮುಗಿಸಲು
ಇಪ್ಪತ್ತೈದು ವರ್ಷದ ಪುಸ್ತಕಗಳನ್ನು ಕೂಡಿಸಬೇಕಿತ್ತು.
ಕೆಲವಕ್ಕೆ ರಟ್ಟಿಲ್ಲ, ಒಂದಕ್ಕೆ ಬಂಗುಡೆ ಸಾರಿನ ಕಲೆ,
ಗೆದ್ದಲು ತಿಂದ ಒಂದು ಮೇ ತಿಂಗಳನ್ನು
ಅವಳೇ ಬಾಯಲ್ಲಿ ಹೇಳಿ ಬರೆಸಿದಳು.

ಚೆಕ್ಕರ್ ಎಸೆದದ್ದನ್ನು ಬಿಟ್ಟು
ಎಪ್ಪತ್ತಮೂರು ಲಕ್ಷದ ತೊಂಬತ್ತಮೂರು ಸಾವಿರದ
ಒಂಬೈನೂರ ಹದಿಮೂರು ಬೀಡಿ.

ಇಪ್ಪತ್ತೈದರ ಕಟ್ಟು ಕಟ್ಟಿದರೆ
ಕೊನೆಗೆ ಹದಿಮೂರು ಅನಾಥ.
ಆ ಹದಿಮೂರು ನನ್ನ ನಿದ್ದೆ ತಿಂದವು.

ಎರಡರಿಂದ ಭಾಗಿಸಿದೆ, ಒಂದು ಉಳಿಯಿತು.
ಮೂರರಿಂದ, ಎರಡು. ಏಳರಿಂದ, ಮತ್ತೆ ಎರಡು.
ಹನ್ನೊಂದರಿಂದ ಹತ್ತು:
ಜಗಲಿಯವರೆಗೆ ಬಂದು ಒಳಗೆ ಬಾರದ ನೆಂಟ.
ಎರಡು ಸಾವಿರದ ಏಳುನೂರ ಹತ್ತೊಂಬತ್ತರವರೆಗೆ ಹೋದರೆ ಸಾಕು,
ಅಷ್ಟು ನಿಯಮ ನೆನಪಿತ್ತು.
ಮುನ್ನೂರ ತೊಂಬತ್ತೇಳು ಭಾಗಾಕಾರ, ಹಳೆ ಲೇಬಲುಗಳ ಬೆನ್ನಿಗೆ,
ಮೂರು ರಾತ್ರಿ,
ನೇತ್ರಾವತಿ ಸೇತುವೆಯಲ್ಲಿ ಕೊನೆಯ ರೈಲು ಗುಡುಗಿ ಹೋಗುವವರೆಗೆ.
ಯಾವುದೂ ಒಳಗೆ ಇಳಿಯಲಿಲ್ಲ.
ಅವಿಭಾಜ್ಯ.

ರಬ್ಬರು ಹಿಡಿದು ಬಲತುದಿಯ ಮೂರನ್ನು ಒರೆಸಿದೆ, ಆಟಕ್ಕೆ.
ಉಳಿದದ್ದೂ ಅವಿಭಾಜ್ಯ.
ಒಂದನ್ನು ಒರೆಸಿದೆ. ಅದೂ.
ಒರೆಸುತ್ತ ಒರೆಸುತ್ತ ಏಳುನೂರ ಮೂವತ್ತೊಂಬತ್ತು,
ಎಪ್ಪತ್ತಮೂರು,
ಏಳು.
ಮೊದಲ ದಿನ ಚೆಕ್ಕರ್ ಎಸೆಯದೆ ಬಿಟ್ಟದ್ದು ಏಳೇ
ಎಂದು ಮೊದಲ ಪುಟವೂ ಹೇಳುತ್ತದೆ.

ಸೋಮವಾರ ಬಂದಳು.
"ಹದಿಮೂರು ಉಳಿಯಿತು ಅಪ್ಪಿಯಕ್ಕ.
ನಿಮ್ಮ ಲೆಕ್ಕವನ್ನು ಯಾರಿಗೂ ಸಮ ಪಾಲು ಮಾಡ್ಲಿಕ್ಕಾಗುವುದಿಲ್ಲ."
"ಪಾಲು ಕೇಳುವವರು ಮನೆಯಲ್ಲಿ ಮೂವರಿದ್ದಾರೆ" ಎಂದು ನಕ್ಕು,
ಪಕ್ಕದವಳ ತಡ್ಪೆಯಿಂದ ಒಂದು ಎಲೆ ಎತ್ತಿ
ಉಗುರಲ್ಲೇ ಅಂಚು ತೆಗೆದು, ಚಿಟಿಕೆ ಹುಡಿ ಹಾಕಿ,
ಸುತ್ತಿ, ತುದಿ ಮಡಚಿ
ನನ್ನ ಲೆಡ್ಜರಿನ ಮೇಲಿಟ್ಟಳು.
"ಇದನ್ನೂ ಸೇರಿಸಿ. ಈಗ ಎಂತ ಆಗ್ತದೆ?"

ಈಗ ಅರ್ಧವಾಗುತ್ತದೆ.
ಮೂರು ಪಾಲಾಗುತ್ತದೆ, ಆರು, ಒಂಬತ್ತು.
ಹನ್ನೊಂದು? ಆ ನೆಂಟ ಒಳಗೆ ಬಂದು ಮಣೆಯ ಮೇಲೆ ಕೂತ.
ನೂರ ಏಳು ಜನ ಕೈ ಒಡ್ಡಿದರೂ ಉಳಿಕೆಯಿಲ್ಲ.
ಮೂರು ರಾತ್ರಿ ಹಲ್ಲು ಕಚ್ಚಿ ಕೂತದ್ದು
ಒಂದು ಬೀಡಿಗೆ ಬಿಚ್ಚಿಕೊಂಡಿತು.

ಇದನ್ನೆಲ್ಲ ಹೇಳಿದೆ.
ಅವಳು ಸಹಿ ಹಾಕುತ್ತಿದ್ದಳು, ಒಂದೊಂದೇ ಅಕ್ಷರ.
"ಆದರೂ ಕಟ್ಟಿಗೆ ಹನ್ನೊಂದು ಕಮ್ಮಿ ಉಂಟಲ್ಲ"
ಎಂದು ನಲವತ್ತನಾಲ್ಕರ ಬಸ್ಸಿಗೆ ಓಡಿದಳು.

ಮುಗಿದ ಖಾತೆಗೆ ಬೀಡಿ ಏರಿಸುವ ಕ್ರಮವಿಲ್ಲ.
ಅದು ನನ್ನ ಮೇಜಿನ ಖಾನೆಯಲ್ಲಿದೆ,
ನೂಲು ಸುತ್ತಿಲ್ಲ.
ನಾನು ಸೇದುವವನೂ ಅಲ್ಲ.