ಮೂರನೇ ಕಿಟಕಿ

ಕಾರವಾರ ನಗರಸಭೆಯ ಜನನ-ಮರಣ ಶಾಖೆಯಲ್ಲಿ
ಮಧ್ಯಾಹ್ನ ಒಂದೂವರೆಗೆ ಫ್ಯಾನು ನಿಲ್ಲುತ್ತದೆ.
ಬುತ್ತಿಯ ಪಕ್ಕ ಹರಡಿಕೊಂಡು ಓದುತ್ತೇನೆ,
ರದ್ದಿಯಂಗಡಿಯಲ್ಲಿ ಹದಿನೈದು ರೂಪಾಯಿಗೆ ಸಿಕ್ಕ
ರಟ್ಟು ಹೋದ ಗ್ರೀಕ್ ಪುರಾಣಗಳ ಕೋಶ.
ದೊಡ್ಡ ದೇವರುಗಳ ಪುಟ ಯಾರೋ ಹರಿದುಕೊಂಡಿದ್ದಾರೆ.
ಉಳಿದದ್ದು ಚಿಲ್ಲರೆ ಜನ.

ಅಸೋಪಸ್: ನದಿ. ಪೊಸೈಡನ್ನನಿಗೂ ಪೆರೋಗೂ ಹುಟ್ಟಿದವನು.
ಅಲ್ಲ, ಸ್ಯೂಸನಿಗೂ ಯೂರಿನೋಮೆಗೂ ಎನ್ನುವವರಿದ್ದಾರೆ.
ಓಶಿಯಾನಸ್ ಎಂದು ಮತ್ತೊಬ್ಬರು.
ನದಿಗೂ ಅಪ್ಪನ ತಕರಾರು!
ನಮ್ಮ ಕಾಳಿಯನ್ನು ಕೋಡಿಬಾಗದಲ್ಲಿ ಯಾರೂ ಕೇಳಿದ್ದಿಲ್ಲ,
ಸೇತುವೆಯ ಕೆಳಗೆ ಹೋಗುತ್ತಾಳೆ, ಅಷ್ಟೆ.

ಗ್ಲಾಕಸ್: ಬೆಸ್ತ. ಹಿಡಿದ ಮೀನು ದಂಡೆಯ ಹುಲ್ಲು ತಾಗಿ
ಜೀವ ಬಂದು ಜಿಗಿದದ್ದು ಕಂಡು
ತಾನೂ ಆ ಹುಲ್ಲು ತಿಂದು, ಕಡಲಿಗೆ ಬಿದ್ದು, ದೇವರಾದವನು.
ಅಪ್ಪ: ಕೋಪಿಯಸ್. ಅಥವಾ ಪಾಲಿಬಸ್.
ಅಥವಾ ಆಂಥೆಡಾನ್. ಅಥವಾ ಸಮುದ್ರವೇ.
ಇಷ್ಟೊಂದು 'ಅಥವಾ' ಬರೆದ ಗುಮಾಸ್ತನನ್ನು
ನಮ್ಮಲ್ಲಾದರೆ ಆವತ್ತೇ ಮುಂಡಗೋಡಕ್ಕೆ ವರ್ಗ ಮಾಡುತ್ತಿದ್ದರು.

ಎರಡು ಗಂಟೆಗೆ ಬಂದರು
ಬೈತಖೋಲದ ಶೇವಂತಿ ತಾಂಡೇಲ, ಮಗ ಸಂಕೇತ.
ಹಡಗಿನ ಕೆಲಸಕ್ಕೆ ಪಾಸ್‌ಪೋರ್ಟ್ ಬೇಕು ಅವನಿಗೆ.
ಶಾಲೆಯ ದಾಖಲೆಯಲ್ಲಿ ತಂದೆ ಗಣಪತಿ,
ರೇಶನ್ ಕಾರ್ಡಿನಲ್ಲಿ ಪುರುಷೋತ್ತಮ,
ನಮ್ಮ ರಿಜಿಸ್ಟರಿನಲ್ಲಿ ಮಾಡು ಸೋರಿ ಶಾಯಿ ಹರಡಿ
ಮೀನಿನಾಕಾರದ ಒಂದು ನೀಲಿ ಕಲೆ.

"ಯಾವುದು ಸರಿ, ಬಾಯಿ?"
ದನಿ ತಗ್ಗಿಸಿಯೇ ಕೇಳಿದೆ. ಹಿಂದೆ ಸಾಲಿತ್ತು, ಸಾಲಿಗೆ ಕಿವಿಯಿತ್ತು.
"ಸರಿಯಾಗಿ ಗೊತ್ತಿಲ್ಲದಿದ್ದರೆ..."

ಐಸು ಒಡೆದೊಡೆದು ಬಿಳಿಚಿದ ಬೆರಳುಗಳನ್ನು
ಅವಳು ಕಟ್ಟೆಯ ಮೇಲಿಟ್ಟಳು.
"ಗೊತ್ತಿಲ್ಲ ಅಂತ ಯಾರಂದ್ರು?
ನಂಗೆ ಗೊತ್ತದೆ. ಹೆಸರು, ಊರು, ಅವನ ದೋಣಿಯ ಬಣ್ಣ.
ಹೇಳೂದಿಲ್ಲ, ಅಷ್ಟೇಯ."

ಪೆರೋ ನೆನಪಾದಳು. ಯೂರಿನೋಮೆ.
ಕೋಶದಲ್ಲಿ ಅವರ ಕಡೆಯಿಂದ ಒಂದು ಸಾಲೂ ಇಲ್ಲ.
ಅನುಮಾನವೆಲ್ಲ ಬರೆದವರದು.
ಹೆತ್ತವಳ ಹತ್ತಿರ ಯಾವತ್ತೂ ಒಂದೇ ಹೆಸರಿತ್ತೇನೋ,
ಕೇಳಲು ಬಂದವನ ಮುಖ ನೋಡಿ ನುಂಗಿಕೊಂಡಳೇನೋ,
ಅಥವಾ...
ನಾನೂ ಶುರು ಮಾಡಿದೆ ನೋಡಿ.

ಸುತ್ತೋಲೆಯೊಂದಿದೆ, ಕಪಾಟಿನ ತಳದಲ್ಲಿ:
ತಾಯಿಯ ಹೆಸರೊಂದೇ ಸಾಕು.
ಅದನ್ನು ಹುಡುಕಲು ನಲವತ್ತು ನಿಮಿಷ.
ಅಷ್ಟರಲ್ಲಿ ಹುಡುಗ, ಮಗುಚಿಟ್ಟ ನನ್ನ ಕೋಶ ಎತ್ತಿಕೊಂಡು
ತುಟಿಯಲ್ಲೇ ಓದುತ್ತಿದ್ದ.

ತಂದೆಯ ಕಾಲಮ್ಮಿಗೆ ಗೀರೆಳೆದು ಮೊಹರು ಒತ್ತಿದೆ.
ಸ್ವಲ್ಪ ವಾರೆಯಾಯಿತು.
ಶೇವಂತಿ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿದಳು,
ಬಂಗಡೆ ಕಟ್ಟುವ ಹಾಗೆ.

ಹೋಗುವಾಗ ಹುಡುಗ ಪುಟದ ಮೇಲೆ ಬೆರಳಿಟ್ಟು ಕೇಳಿದ:
"ಸರ್, ಆ ಹುಲ್ಲು ಯಾವುದು ಅಂತ ಬರೀಲಿಲ್ವಾ?"